ಯಾರೂ ದಾಟದ ನದಿ

ಒಂದು ನದಿ ತನ್ನ ಮುಂದಿನ ಐವತ್ತು ವರ್ಷವನ್ನು ಒಂದೇ ಮಧ್ಯಾಹ್ನದಲ್ಲಿ ಬದುಕಿ ತೋರಿಸುವಂತಿದ್ದರೆ? ನಮ್ಮ ಕೇಂದ್ರದಲ್ಲಿ ಅದು ತೋರಿಸುತ್ತಿತ್ತು. ಊಟ ಮುಗಿಸಿ ಬಂದು ಕೂತರೆ, ಚಹಾ ಬರುವಷ್ಟರಲ್ಲಿ ಗೋಡೆಯಗಲದ ಪರದೆಯ ಮೇಲೆ ಕೃಷ್ಣಾ ನದಿಗೆ ಹತ್ತಾರು ಮಳೆಗಾಲ ಬಂದು ಹೋಗಿರುತ್ತಿದ್ದವು. ಹೂಳು ತುಂಬುತ್ತಿತ್ತು, ತೆಗೆಯುತ್ತಿದ್ದರು, ಮತ್ತೆ ತುಂಬುತ್ತಿತ್ತು. ಹತ್ತಿ, ಭತ್ತ, ಸುಣ್ಣದ ಕಲ್ಲು ಹೊತ್ತ ಸರಕುದೋಣಿಗಳು ಮೇಲಕ್ಕೂ ಕೆಳಕ್ಕೂ ಹರಿದಾಡುತ್ತಿದ್ದವು. ದಡದ ಊರುಗಳಲ್ಲಿ ಚುಕ್ಕೆಯಷ್ಟು ಜನ ಹುಟ್ಟಿ, ಸಂತೆಗೆ ಹೋಗಿ ಬಂದು, ವಯಸ್ಸಾಗಿ ಮರೆಯಾಗುತ್ತಿದ್ದರು. ಎಲ್ಲ ಮುಗಿದ ಮೇಲೆ ಪರದೆಯ ಮೂಲೆಯಲ್ಲಿ ಒಂದು ಮಾತು ಮೂಡುತ್ತಿತ್ತು: ಈ ಜಲಮಾರ್ಗ ಲಾಭದಾಯಕ, ಅಥವಾ ಅಲ್ಲ. ಈ ಯಂತ್ರಕ್ಕೆ ನಾವು ಇಟ್ಟ ಹೆಸರು ಪ್ರತಿನದಿ.

ನನ್ನ ಹೆಸರು ಮುದುಕಮ್ಮ. ನಗುವವರು ಈಗಲೇ ನಕ್ಕುಬಿಡಿ. ರಾಯಚೂರಿನ ಕಡೆ ಅಜ್ಜಿಯ ನೆನಪಿಗೆಂದು ತೊಟ್ಟಿಲ ಕೂಸಿಗೇ ಈ ಹೆಸರಿಡುತ್ತಾರೆ. ನದಿಮಾರ್ಗ ಮಾಪನ ಕೇಂದ್ರದಲ್ಲಿ ನಾನು ಸಾರಿಗೆ ಅರ್ಥಶಾಸ್ತ್ರಜ್ಞೆ. ನದಿಯಲ್ಲಿ ದೋಣಿ ಓಡಿಸಿದರೆ ನಾಡಿಗೆ ಲಾಭವೋ ನಷ್ಟವೋ ಎಂದು ಅಳೆಯುವುದು ನಮ್ಮ ಕೆಲಸ. ಅಳೆಯುವುದು ಎಂದೆನಲ್ಲ, ಅದು ದೊಡ್ಡ ಮಾತಾಯಿತು. ಅಳೆಯುತ್ತಿದ್ದದ್ದು ಯಂತ್ರ, ನಾವು ಪಕ್ಕದಲ್ಲಿ ಕೂತು ನೋಡುತ್ತಿದ್ದೆವು.

ಹಾಗೇಕೆ ಎಂದರೆ ಹಿಂದೆ ಮನುಷ್ಯರು ಅಳೆದದ್ದು ಸಾಕಾಗಿತ್ತು. ನಮ್ಮ ನಿರ್ದೇಶಕರು ಇನಾಂದಾರ ಸರ್, ನಿವೃತ್ತಿಯ ಅಂಚಿನಲ್ಲಿದ್ದ ಸಜ್ಜನರು, ಹೊಸಬರಿಗೆಲ್ಲ ಒಂದು ಕಥೆ ಹೇಳುತ್ತಿದ್ದರು. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಒಂದು ಕಾಲುವೆಯ ವರದಿ ಬಂತಂತೆ. ವರ್ಷಕ್ಕೆ ಇಷ್ಟು ಲಕ್ಷ ಟನ್ ಸಿಮೆಂಟು, ಇಷ್ಟು ಸಕ್ಕರೆ, ಇಷ್ಟು ಪ್ರಯಾಣಿಕರು ಎಂದು ಬಣ್ಣಬಣ್ಣವಾಗಿ ಬರೆದಿದ್ದರು. ಕಾಲುವೆ ತೋಡಿದ ಮೇಲೆ ಅದರಲ್ಲಿ ತಪ್ಪದೆ ಪ್ರಯಾಣ ಮಾಡಿದ್ದು ಅಂತರಗಂಗೆ ಗಿಡ ಒಂದೇ. “ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ನಮ್ಮವರು ಸಾವಿರ ಸುಳ್ಳು ಹೇಳಿ ಒಂದು ಕಾಲುವೆ ಮಾಡಿದರು” ಎಂದು ಸರ್ ನಗುತ್ತಿದ್ದರು. ಅಂಥ ಮದುವೆಗಳು ಹೆಚ್ಚಾದಾಗ ಕಾನೂನು ಬಂತು. ಜಲಮಾರ್ಗದ ಲೆಕ್ಕವನ್ನು ಪ್ರತಿನದಿಯೇ ಮಾಡಬೇಕು. ಅದರ ತೀರ್ಮಾನವನ್ನು ಯಾವ ಮನುಷ್ಯನ ಕೈಯೂ ತಿದ್ದಬಾರದು. ಒಳ್ಳೆಯ ಕಾನೂನು ಎಂದು ನಾನೂ ಚಪ್ಪಾಳೆ ತಟ್ಟಿದವಳೇ.

ಈ ಸಲ ಅಳೆಯಬೇಕಾದ ದಾರಿ ನನ್ನ ತವರಿನ ನೀರು. ಯೋಜನೆ ಹೀಗಿತ್ತು: ಕೆಳಗೆ ಒಂದು ಬಾಗಿಲುಕಟ್ಟೆ ಕಟ್ಟಿ ನೀರು ಎತ್ತರಿಸುವುದು, ನಡುವೆ ಆಳದ ದಾರಿ ತೋಡುವುದು, ಅದರಲ್ಲಿ ಸರಕುದೋಣಿಗಳನ್ನೂ ಜನರಿಗಾಗಿ ಒಂದು ಲಾಂಚನ್ನೂ ಓಡಿಸುವುದು. ದೊಡ್ಡ ದೋಣಿಗಳ ದಾರಿಯಲ್ಲಿ ತೆಪ್ಪ ಹಾಕುವಂತಿಲ್ಲ. ತೆಪ್ಪ ಎಂದರೆ ಬಿದಿರು ಹೆಣೆದು ಮೇಲೆ ಡಾಂಬರು ಬಳಿದ ದುಂಡನೆಯ ಬುಟ್ಟಿ. ಹುಣಸಿಗಡ್ಡಿ ಎಂಬ ನಡುಗಡ್ಡೆಯ ಜನ ಈ ದಡಕ್ಕೆ ಬರುವುದು ಅದರಲ್ಲೇ. ಆ ಗಡ್ಡೆಯಲ್ಲಿ ನನ್ನ ಅಕ್ಕ ಹುಲಿಗೆಮ್ಮ ಇದ್ದಳು. ತೆಪ್ಪ ಹಾಕುತ್ತಿದ್ದವನು ಅವಳ ಗಂಡ ತಾಯಪ್ಪ, ನಮ್ಮ ಅವ್ವನ ತಮ್ಮ, ನನಗೆ ಸೋದರಮಾವ.

ಅಕ್ಕನ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಪಟ್ಟಣದ ಆಸ್ಪತ್ರೆಗೆ ಬಂದು ಯಂತ್ರಕ್ಕೆ ಕೈಯೊಡ್ಡಿ ರಕ್ತ ಸೋಸಿಸಿಕೊಳ್ಳಬೇಕು. ಒಂದು ಸಲ ತಪ್ಪಿದರೆ ಮೈ ಬಾತುಕೊಳ್ಳುತ್ತಿತ್ತು. ಸಾಲಾಗಿ ಎರಡು ಸಲ ತಪ್ಪಿದರೆ ತಾವು ಹೊಣೆಯಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು. ಹಾಗಾಗಿ ಹೊಸ ಲಾಂಚು ಹುಣಸಿಗಡ್ಡಿಯಲ್ಲಿ ನಿಲ್ಲಬೇಕೋ ಬೇಡವೋ ಎಂಬ ಪ್ರಶ್ನೆ ಉಳಿದವರಿಗೆ ಸಾರಿಗೆಯ ಪ್ರಶ್ನೆಯಾಗಿದ್ದರೆ ನನಗೆ ಅಕ್ಕನ ಜೀವದ ಪ್ರಶ್ನೆಯಾಗಿತ್ತು.

ಒಂದು ಕಡೆ ಲಾಂಚು ನಿಂತರೆ ಅದರೊಳಗಿನ ಎಲ್ಲರ ಹೊತ್ತೂ ಹಾಳು. ಒಂದು ದಿನದ್ದಲ್ಲ, ಐವತ್ತು ವರ್ಷದ್ದು. ಆ ನಷ್ಟಕ್ಕಿಂತ ಅಲ್ಲಿ ಹತ್ತಿ ಇಳಿಯುವವರಿಗಾಗುವ ಲಾಭ ಹೆಚ್ಚಿದ್ದರೆ ಮಾತ್ರ ಪ್ರತಿನದಿ ಅಲ್ಲಿ ನಿಲ್ದಾಣ ಕೊಡುತ್ತದೆ. ಅದೂ ದೂರದ ವರ್ಷಗಳ ಲಾಭವನ್ನು ಅದು ಕಡಿಮೆ ಬೆಲೆಗೆ ಹಿಡಿಯುತ್ತದೆ. ಇವತ್ತಿನ ಬಿಸಿ ರೊಟ್ಟಿಗಿರುವ ಬೆಲೆ ಬರುವ ವರ್ಷ ಕೊಡುತ್ತೇನೆಂದ ರೊಟ್ಟಿಗೆ ಇಲ್ಲ, ಅಷ್ಟೇ ವಿಷಯ. ಆದರೆ ಹುಣಸಿಗಡ್ಡಿಯ ಜನ ದಿನಾ ದಾಟುವವರು. ಗಿರಣಿಗೆ, ಸಂತೆಗೆ, ಶಾಲೆಗೆ, ಹಾಲು ಹಾಕಲು, ಬಾಣಂತಿಯನ್ನು ನೋಡಲು. ನಿಲ್ದಾಣ ಸಿಕ್ಕೇ ಸಿಗುತ್ತದೆ ಎಂದು ನಾನು ನಿಶ್ಚಿಂತೆಯಾಗಿದ್ದೆ.

ಜನ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆಂದು ಪ್ರತಿನದಿಗೆ ತಿಳಿಯಬೇಕಲ್ಲ. ಫೋನುಗಳನ್ನು ಹಿಂಬಾಲಿಸುವುದನ್ನು ಕಾನೂನು ನಿಷೇಧಿಸಿತ್ತು. ಆದ್ದರಿಂದ ನದಿಯುದ್ದಕ್ಕೂ ಜನ ದಾಟುವ ಒಂದೊಂದು ಕಡವಿನಲ್ಲೂ ಕೇಳುಗಂಬ ನೆಟ್ಟಿದ್ದರು. ಎದೆಯೆತ್ತರದ ಬಿಳಿ ಕಂಬ, ತಲೆಯ ಮೇಲೆ ಸೌರಫಲಕ. ಯಾರು ಹತ್ತಿರ ಬಂದರೂ ಮುಖ ಗುರುತಿಟ್ಟುಕೊಂಡು ಹೆಣ್ಣುದನಿಯಲ್ಲಿ ವಿನಯವಾಗಿ ಕೇಳುತ್ತಿತ್ತು. ಬಾಯಿಂದ ಬಂದ ಉತ್ತರವೇ ಲೆಕ್ಕ. ಏನು ಕೇಳಬೇಕೆಂದು ಎಲ್ಲೋ ದೂರದಲ್ಲಿ, ನದಿಯನ್ನು ನಕ್ಷೆಯಲ್ಲಿ ಮಾತ್ರ ಕಂಡವರು ಬರೆದಿದ್ದರು.

ಆಸ್ಪತ್ರೆಯಿಂದ ಬಂದ ದಿನ ಅಕ್ಕ ನನ್ನ ಕ್ವಾರ್ಟರ್ಸಿನಲ್ಲಿ ಮಲಗಿ ಸುಧಾರಿಸಿಕೊಂಡು ಸಂಜೆಗೆ ಹೊರಡುವುದು ರೂಢಿ. ಅವತ್ತೂ ಮಂಚದ ಮೇಲೆ ಒರಗಿದ್ದಳು. ಸುತ್ತ ನದಿ ಇಟ್ಟುಕೊಂಡವಳಿಗೆ ದಿನಕ್ಕೆ ಎರಡು ಲೋಟ ನೀರಿನ ಮೇಲೆ ಕುಡಿಯಬಾರದೆಂಬ ಆಜ್ಞೆ. ನಾನು ಕೊಟ್ಟ ಅರ್ಧ ಲೋಟವನ್ನು ಗುಟುಕು ಗುಟುಕಾಗಿ ಚಪ್ಪರಿಸುತ್ತ ಶುರುಮಾಡಿದಳು.

“ಏ ಮುದುಕಿ, ಆ ನಿಮ್ಮ ಕಂಬಕ್ಕ ಹಡೆದವರು ಬುದ್ಧಿ ಹೇಳಿಲ್ಲೇನು?”

“ಯಾಕಕ್ಕ, ಏನ್ ಮಾಡ್ತು?”

“ಮುಂಜಾನೆ ತೆಪ್ಪದಾಗ ಕಾಲಿಡಾಕ ಹೊಂಟ್ರ, ನಮಸ್ಕಾರ ಎಲ್ಲಿಗೆ ಹೊಂಟೀರಿ ಅಂತದ. ಹೊಂಟ ಮಂದೀನ ಎಲ್ಲಿಗೆ ಅಂತ ಕೇಳ್ತಾರೇನು? ಅದೂ ದವಾಖಾನಿಗೆ ಹೊಂಟಾಕೀನ! ದೂರ ಹೊಂಟೀರೇನು ಅಂದ್ರ ಅದರ ಗಂಟೇನು ಹೋಗ್ತದ?”

ನನಗೆ ನಗು ಬಂತು. ನಮ್ಮ ಕಡೆ ತಿಳಿಯದ ಮಗು ಕೇಳಿದರೂ ತಲೆಗೊಂದು ಮೊಟಕುತ್ತಾರೆ. ಎಲ್ಲಿಗೆ ಎಂದು ಕೇಳಿಸಿಕೊಂಡು ಹೋದ ಕೆಲಸ ಕೆಟ್ಟಿತೆಂದೇ ಲೆಕ್ಕ. ಕೇಳಿಸಿಕೊಂಡವರು ಹಿಂದಿರುಗಿ ಒಂದು ಗಳಿಗೆ ಕೂತು, ನೀರು ಕುಡಿದು, ಮತ್ತೆ ಹೊರಡಬೇಕು. “ಮತ್ತ ನೀ ಏನ್ ಮಾಡಿದಿ?” ಎಂದೆ.

“ಏನ್ ಮಾಡ್ಲಿ, ದಂಡಿ ಮ್ಯಾಗ ಕುಂತೆ. ನೀರು ಕುಡಿಯಾಕ ನನಗ ಪರವಾನಗಿ ಇಲ್ಲ. ತುಟಿ ತೋಯಿಸಿಕೊಂಡು ಎದ್ದೆ. ಮತ್ತ ಕೇಳ್ತು. ಎಲ್ಲಾರೂ ಅಂದಂಗ ನಾನೂ ಅಂದೆ, ಇಲ್ಲೇ ಅಂತ.”

“ಎಲ್ಲಾರೂ ಹಂಗ ಅಂತಾರೇನು?”

“ಮತ್ತೇನಂತಾರ? ಭೀಮವ್ವಜ್ಜಿ ಅದರ ತಲಿ ಮ್ಯಾಗ ಗೋಣಿಚೀಲ ಹಾಕ್ಯಾಳ. ಚೀಲದೊಳಗಿಂದಾನೂ ಕೇಳ್ತದ, ಮೂಳ!”

ನಗು ಅಲ್ಲಿಗೇ ನಿಂತಿತು. ಆ “ಇಲ್ಲೇ” ಎಂಬುದನ್ನು ಯಂತ್ರ ಏನೆಂದು ಬರೆದುಕೊಂಡಿರಬಹುದು?

ಮರುದಿನ ಕೇಂದ್ರಕ್ಕೆ ಹೋದವಳೇ ಪರದೆಯಲ್ಲಿ ಹುಣಸಿಗಡ್ಡಿಯನ್ನು ತೆರೆದೆ. ನನ್ನ ಭಯ ನಿಜವಾಗಿತ್ತು. ಹೊರಟದ್ದು ಹುಣಸಿಗಡ್ಡಿಯಿಂದ, ತಲುಪಿದ್ದು “ಇಲ್ಲೇ”, ಅಂದರೆ ಹುಣಸಿಗಡ್ಡಿಗೆ. ಹೊರಟಲ್ಲೇ ತಲುಪಿದ ಪ್ರಯಾಣವನ್ನು ಪ್ರಯಾಣವೆಂದು ಯಾವ ಯಂತ್ರ ಒಪ್ಪುತ್ತದೆ? ಪ್ರತಿನದಿ ಎಲ್ಲವನ್ನೂ ತೆಗೆದು ಹಾಕಿತ್ತು. ಅದರ ಪ್ರಕಾರ ಈ ಗಡ್ಡೆಯ ಜನ ಬೆಳಗಾಗೆದ್ದು ದಡಕ್ಕೆ ಬರುತ್ತಾರೆ, ಕಂಬದ ಜೊತೆ ಎರಡು ಮಾತಾಡುತ್ತಾರೆ, ಅಲ್ಲೇ ಇರುತ್ತಾರೆ. ಐವತ್ತು ವರ್ಷ ಯಾರೂ ಎಲ್ಲಿಗೂ ಹೋಗುವುದಿಲ್ಲ. ಗಡ್ಡೆಯ ಮೇಲೆ ಹಸಿರು ಅಕ್ಷರದಲ್ಲಿ “ಸ್ವಯಂಪೂರ್ಣ, ಹೊರಗಿನ ಅಗತ್ಯವಿಲ್ಲ” ಎಂದಿತ್ತು. ಇಡೀ ನದಿಯಲ್ಲಿ ಅಷ್ಟು ಸುಖವಾದ ಊರು ಇನ್ನೊಂದಿರಲಿಲ್ಲ.

ಚುಕ್ಕೆಗಳಲ್ಲಿ ಅಕ್ಕನನ್ನು ಹುಡುಕಿದೆ. ಸಿಕ್ಕಳು. ಆಸ್ಪತ್ರೆಗೆ ಒಮ್ಮೆಯೂ ಹೋಗದವಳಾದ್ದರಿಂದ ಅವಳಿಗೆ ರೋಗವೇ ಇರಲಿಲ್ಲ. ದಡದಲ್ಲಿ ಕೂತೇ ಇದ್ದಳು. ಪ್ರತಿನದಿಯ ಅಕ್ಕ ತೊಂಬತ್ತು ದಾಟಿ ಬದುಕುವವಳಿದ್ದಳು.

ಇನಾಂದಾರ ಸರ್‌ಗೆ ತೋರಿಸಿದೆ. ಮೊದಲು ಅವರೂ ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸತೊಡಗಿದರು. ಕೆಟ್ಟ ಸುದ್ದಿಗೆ ಅವರು ಹಾಗೆ ಮಾಡುತ್ತಿದ್ದರು.

“ಪ್ರಶ್ನೆಯನ್ನು ಬದಲಾಯಿಸಿ ಸರ್. ದೂರ ಹೊರಟಿರಾ ಎಂದು ಕೇಳಲಿ.”

“ದೂರ ಹೌದು ಅಂದರೆ ಯಂತ್ರಕ್ಕೆ ಜಾಗ ತಿಳಿಯುವುದು ಹೇಗಮ್ಮಾ? ಅಲ್ಲದೆ ದೇಶದ ಎಲ್ಲ ನದಿಗೂ ಒಂದೇ ಪ್ರಶ್ನೆ. ಒಂದು ಕಡೆ ಬದಲಿಸಿದರೆ ತಿದ್ದಿದಂತಾಗುತ್ತದೆ. ಮರುಕೇಳಿಕೆಗೆ ಒಂದು ಅವಕಾಶವಿದೆ. ಒಂದೇ ಒಂದು. ಆದರೆ ಆ ದಿನ ಹೇಳಿದವರ ಕೈಗೆ, ಅವರ ಒಪ್ಪಿಗೆ ಪಡೆದು, ಹೋದ ದಾರಿ ಗುರುತಿಡುವ ಪಟ್ಟಿ ಕಟ್ಟುತ್ತಾರೆ. ಹೇಳಿದಂತೆ ನಡೆದರೇ ಎಂದು ಯಂತ್ರ ನೋಡುತ್ತದೆ. ನಿಮ್ಮ ಜನ ಹೋಗುವ ಜಾಗ ಹೇಳುತ್ತಾರೋ?”

ಹೇಳಿಸುತ್ತೇನೆ ಎಂದೆ. ಆ ಹೊತ್ತಿನಲ್ಲಿ ನನಗೆ ಎಲ್ಲ ಸರಿಹೋದಂತೆಯೇ ಅನಿಸಿತ್ತು.

ರವಿವಾರ ಗಡ್ಡೆಗೆ ಹೋದೆ. ಅಕ್ಕನ ಮನೆಯ ಮುಂದಿನ ಬೇವಿನ ಕೆಳಗೆ ಜನ ಸೇರಿದರು. ಲಾಂಚು ನಿಲ್ಲಬೇಕೆಂದರೆ ಕಂಬಕ್ಕೆ ಹೋಗುವ ಜಾಗ ಬಿಚ್ಚಿ ಹೇಳಬೇಕು ಎಂದೆ. ಕೈಗೆ ಕಟ್ಟುವ ಪಟ್ಟಿ ತಾಳೆ ನೋಡುತ್ತದೆ ಎಂದೂ ಹೇಳಿದೆ. ಗುಸುಗುಸು ಎದ್ದಿತು. ಹಲ್ಲೆಲ್ಲ ಉದುರಿದ ಭೀಮವ್ವಜ್ಜಿ ಕೋಲೂರಿ ಮುಂದೆ ಬಂದಳು.

“ಅಲ್ಲವಾ, ಇಷ್ಟು ಓದಿದಾಕಿ ನೀನು. ಊರ ಮಂದಿ ಎಲ್ಲಾ ಒಂದಾ ದಿನ ಅಪಶಕುನ ಮಾಡಿಕೊಂಡು ನೀರಿಗಿಳೀಬೇಕೇನು?”

“ಒಂದಾ ದಿನ ಅಜ್ಜಿ. ಆಮ್ಯಾಲೆ ಜನ್ಮಪೂರ್ತಿ ಲಾಂಚು.”

ಅಕ್ಕ ಎದ್ದು ನಿಂತಳು. “ನಾ ಮೊದಲು ಹೇಳ್ತೀನಿ. ನನ್ನ ಸಲುವಾಗಿ ಅಂತ ತಿಳೀರಿ” ಎಂದಳು. ಅವಳು ಯಾರ ಹತ್ತಿರವೂ ಏನೂ ಕೇಳಿದವಳಲ್ಲ. ಜನ ತಲೆಯಾಡಿಸಿದರು. ನಾನು ಸಂಜೆ ಹೊರಟ ಮೇಲೂ ಬೇವಿನ ಕೆಳಗೆ ಮಾತು ನಡೆದೇ ಇತ್ತು. ಏನೆಂದು ನಿಂತು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಮರುಕೇಳಿಕೆಯ ದಿನ ನಾನು ಈಚೆ ದಡದಲ್ಲಿ ನಿಂತು ಕಂಬದ ದನಿಯನ್ನು ಕಿವಿಗೆ ಹಾಕಿಕೊಂಡಿದ್ದೆ. ಜನ ಒಬ್ಬೊಬ್ಬರಾಗಿ ಬಂದು, ಕೈಗೆ ಪಟ್ಟಿ ಕಟ್ಟಿಸಿಕೊಂಡು, ಹೋಗುವ ಜಾಗ ಹೇಳಿ ತೆಪ್ಪ ಹತ್ತಿದರು. “ಗಿರಣಿಗೆ.” “ಸಾಲಿಗೆ.” “ಬ್ಯಾಂಕಿಗೆ.” ಯಾರೋ ಎಳೆಯ ಹೆಣ್ಣಿನ ದನಿ, “ದವಾಖಾನಿಗೆ, ರಕ್ತ ಸೋಸಾಕ.” ಗಡ್ಡೆಯಲ್ಲಿ ಇನ್ನೊಬ್ಬರಿಗೂ ಇದೇ ಕಾಯಿಲೆಯೇ ಎಂದು ಅಯ್ಯೋ ಅನಿಸಿತು. ಅಕ್ಕ ಮಾತ್ರ “ಬಳಿ ಇಟ್ಟುಕೊಳ್ಳಾಕ ಸಂತಿಗೆ” ಅಂದಳು. ಮಂದಿಯ ಮುಂದೆ ಕಾಯಿಲೆ ಹೇಳಲು ನಾಚಿಕೊಂಡಳೇನೋ ಎಂದುಕೊಂಡೆ. ತಾಯಪ್ಪ ಮಾವ ದಿನವಿಡೀ ಹುಟ್ಟು ಹಾಕಿ ತೋಳು ಎತ್ತಲಾರದಾಗಿದ್ದ. ಆದರೂ ನನ್ನ ನೋಡಿ ನಕ್ಕ.

ಕೇಂದ್ರದಲ್ಲಿ ಒಟ್ಟು ಲೆಕ್ಕ ಮೂಡಿದಾಗ ನಾನು ಕುಣಿಯುವುದೊಂದು ಬಾಕಿ. ಆಸ್ಪತ್ರೆಗೆ ಹೋಗುವವರು, ಗಿರಣಿಗೆ ಹೋಗುವವರು, ಶಾಲೆಯ ಮಕ್ಕಳು, ಎಲ್ಲ ನಾನು ಕಣ್ಣಾರೆ ಬಲ್ಲ ಹುಣಸಿಗಡ್ಡಿಯೇ. ನಿಲ್ದಾಣಕ್ಕೆ ಬೇಕಾದಷ್ಟು ತೂಕ ಬಂದಿತ್ತು. ಅಷ್ಟರಲ್ಲಿ ಯಂತ್ರ ಕೈಪಟ್ಟಿಗಳನ್ನು ತಾಳೆ ನೋಡಲು ಹೊರಟಿತು. ಗಡ್ಡೆಯ ಚುಕ್ಕೆಗಳು ಒಂದೊಂದಾಗಿ ಕೆಂಪಾಗತೊಡಗಿದವು. ಒಂದೂ ಉಳಿಯಲಿಲ್ಲ.

ಇನಾಂದಾರ ಸರ್ ಪರದೆಯ ಹತ್ತಿರ ಹೋಗಿ ಓದಿದರು. “ಬ್ಯಾಂಕಿಗೆ ಎಂದವನು ಶಾಲೆಗೆ ಹೋಗಿದ್ದಾನೆ. ಶಾಲೆಗೆ ಎಂದವಳು ಗಿರಣಿಗೆ. ಮುದುಕಮ್ಮಾ, ಏನಿದು? ಒಟ್ಟು ಸರಿಯಾಗಿದೆ, ಒಬ್ಬೊಬ್ಬರೂ ಸುಳ್ಳು!”

ಪರದೆಯ ಮೇಲೆ ತೀರ್ಮಾನ ಬಂತು: “ಸಂಘಟಿತ ಉಬ್ಬರ. ಮರುಕೇಳಿಕೆ ರದ್ದು. ಹಿಂದಿನ ಲೆಕ್ಕವೇ ಅಂತಿಮ.” ಲಾಭ ಉಬ್ಬಿಸಿ ಸುಳ್ಳು ಹೇಳುವವರನ್ನು ಹಿಡಿಯಲೆಂದೇ ಹುಟ್ಟಿದ ಯಂತ್ರ. ಅದು ತನ್ನ ಕೆಲಸ ಅಚ್ಚುಕಟ್ಟಾಗಿ ಮಾಡಿತ್ತು.

ಮನೆಗೆ ಬಂದರೆ ಅಕ್ಕ ಆಸ್ಪತ್ರೆ ಮುಗಿಸಿ ಬಂದು ಮಂಚದ ಮೇಲಿದ್ದಳು. ಮುಖದಲ್ಲಿ ಮದುವೆ ಮನೆಯ ಗೆಲುವು.

“ಹೆಂಗಾತು ಮುದುಕಿ? ಲೆಕ್ಕ ಬರಾಬ್ಬರಿ ಬಂತಿಲ್ಲ?”

“ನೀ ಸಂತಿಗೆ ಅಂತ ಯಾಕ ಹೇಳಿದಿ ಅಕ್ಕ?”

“ಭೀಮವ್ವಜ್ಜಿ ಐಡಿಯಾ ಅದು! ನನ್ನ ಕೆಲಸ ನೀ ಹೇಳು, ನಿನ್ನ ಕೆಲಸ ನಾ ಹೇಳ್ತೀನಿ ಅಂತ ಊರಾಗ ಎಲ್ಲಾರೂ ಅದಲಿಬದಲಿ ಮಾಡಿಕೊಂಡ್ವಿ. ಶಕುನಕ್ಕ ದಾರಿ ತಪ್ಪತದ, ನಿಮ್ಮ ಲೆಕ್ಕಕ್ಕ ಒಬ್ಬರೂ ಕಮ್ಮಿ ಆಗಂಗಿಲ್ಲ. ಗಂಗಿ ಸೊಸಿ ನನ್ನ ದವಾಖಾನಿ ತಗೊಂಡ್ಳು, ನಾ ಆಕಿ ಬಳಿ ತಗೊಂಡೆ. ಹೊಸ ಕೂಸು, ಆಕಿಗೆ ಯಾವ ರೋಗ ಬರಬೇಕು? ನೋಡು, ಯಾರ ಕೆಲಸಾನೂ ಕೆಡಲಿಲ್ಲ.”

ನನಗೆ ಸಿಟ್ಟು ಬಂತು. ಕೂಗಿಬಿಡಬೇಕೆಂದು ಬಾಯಿ ತೆರೆದೆ. ಆದರೆ ಇಡೀ ಊರು ಕೂತು, ಇವಳ ಜೀವ ಉಳಿಸಲೆಂದು, ಯಾರಿಗೂ ಕೇಡಾಗದ ಹಾಗೆ ಇಷ್ಟು ಜಾಣತನ ಮಾಡಿತ್ತಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತು ಅತ್ತೆ. ಆಮೇಲೆ ಬಂದು, ಲೆಕ್ಕ ಸರಿ ಬರಲಿಲ್ಲ, ಲಾಂಚು ನಿಲ್ಲುವುದಿಲ್ಲ ಎಂದು ಹೇಳಿದೆ. ಅಕ್ಕ ಸೆರಗು ಹೊದ್ದು ಗೋಡೆಯ ಕಡೆ ತಿರುಗಿದಳು. ಅವಳನ್ನು ನಗಿಸಲೆಂದು ಪ್ರತಿನದಿಯಲ್ಲಿ ಕೂತಿರುವ ಇನ್ನೊಬ್ಬ ಹುಲಿಗೆಮ್ಮನ ವಿಷಯ ಹೇಳಿದೆ. “ಆಕೀನಾದರೂ ಪುಣ್ಯವಂತಿ” ಎಂದು ನಿಜಕ್ಕೂ ನಕ್ಕಳು.

ಇನಾಂದಾರ ಸರ್ ಸುಮ್ಮನೆ ಕೂರಲಿಲ್ಲ, ಅದನ್ನು ಹೇಳಲೇಬೇಕು. ಮೇಲಿನವರಿಗೆ ಬರೆದರು, ಖುದ್ದಾಗಿ ಹೋಗಿ ಬಂದರು. ಶಕುನದ ಕಥೆ ಕೇಳಿ ಎಲ್ಲರೂ ತಲೆದೂಗಿದರಂತೆ, ಒಬ್ಬರಂತೂ ತಮ್ಮ ತಾಯಿಯೂ ಹಾಗೇ ಬೈಯುತ್ತಿದ್ದರೆಂದು ನೆನಪು ಮಾಡಿಕೊಂಡರಂತೆ. “ಆದರೆ ಒಂದು ಊರಿಗೆಂದು ಕೈಹಾಕಿದರೆ ನಾಳೆ ನೂರು ಊರಿಗೆ ಕೈಹಾಕುತ್ತಾರೆ ಅಂತಾರೆ. ಸುಳ್ಳೇನಲ್ಲ” ಎಂದು ಸರ್ ಕನ್ನಡಕ ಒರೆಸಿದರು.  ಹಿಂದೆ ನಾನೇ ಚಪ್ಪಾಳೆ ತಟ್ಟಿದ ಮಾತು ಅದು.

ಕಟ್ಟೆಯ ಕೆಲಸ ಮುಗಿಯುತ್ತ ಬಂದಾಗ, ಬಂದುಬಿಡು, ನನ್ನ ಜೊತೆ ಇರು ಎಂದು ಅಕ್ಕನನ್ನು ಅಂಗಲಾಚಿದೆ. ದೀಪಾವಳಿ ಕಳೆದ ಮೇಲೆ ಕಟ್ಟೆಯ ಬಾಗಿಲು ಹಾಕುತ್ತಾರಂತೆ, ಅದರ ಹಿಂದಿನ ವಾರ ಬರುತ್ತೇನೆ ಎಂದಳು. ಎಮ್ಮೆ ಈಯುವುದಿತ್ತು. ಮಾವನಿಗೆ ಒಬ್ಬನೇ ಒಲೆ ಹಚ್ಚಲು ಬಾರದು. ಒಪ್ಪಿಕೊಂಡಳಲ್ಲ, ಅಷ್ಟೇ ಸಾಕೆಂದು ನಾನು ಕೋಣೆ ಸಜ್ಜು ಮಾಡಿದೆ, ಹೊಸ ಹಾಸಿಗೆ ತಂದೆ.

ನೀರು ತುಂಬುವ ದಿನವನ್ನು ಆರಿಸುವುದೂ ಪ್ರತಿನದಿಯೇ. ನವರಾತ್ರಿಯಲ್ಲಿ ಮೇಲಿನ ಸೀಮೆಗೆ ಅಕಾಲದ ಮಳೆ ಸುರಿಯಿತು. ಬಂದ ನೀರನ್ನು ಹರಿಯಬಿಟ್ಟರೆ ನಷ್ಟ, ಈಗಲೇ ಹಿಡಿದರೆ ಒಂದು ತಿಂಗಳ ಸಾಗಾಟ ಲಾಭ. ಯಂತ್ರ ಬಾಗಿಲು ಹಾಕಿತು. ದಡದ ಊರುಗಳಿಗೆಲ್ಲ ಮುಂಚಿತವಾಗಿ ಸೂಚನೆ ಹೋಯಿತು. ಎಲ್ಲಿಗೂ ಹೋಗದವರಿಗೆ ದಾರಿ ಮುಚ್ಚುವ ಸೂಚನೆ ಏಕೆ ಬೇಕು? ಹುಣಸಿಗಡ್ಡಿಗೆ ಸೂಚನೆ ಹೋಗಲಿಲ್ಲ. ಬೆಳಗ್ಗೆ ನಾನು ಕೇಂದ್ರಕ್ಕೆ ಬರುವಷ್ಟರಲ್ಲಿ ಕಡವು ಮುಳುಗಿತ್ತು. ಅಂದು ಅಕ್ಕನ ಆಸ್ಪತ್ರೆಯ ಸರದಿ, ಹಿಂದಿನದನ್ನೂ ಮಳೆಯಿಂದಾಗಿ ತಪ್ಪಿಸಿಕೊಂಡಿದ್ದಳು.

ಮೊದಲ ಲಾಂಚು ಹೊರಟಿತು. ಅದಕ್ಕೆ ಚಾಲಕನಿಲ್ಲ, ತನ್ನಷ್ಟಕ್ಕೆ ಓಡುವಂಥದ್ದು. ಅದರ ಮೂತಿಯ ಕ್ಯಾಮೆರಾದಲ್ಲಿ ನಾನು ಹುಣಸಿಗಡ್ಡಿಯನ್ನು ನೋಡಿದೆ. ಊರಿಗೂರೇ ದಡದಲ್ಲಿ ನಿಂತಿತ್ತು. ನಡುವೆ ಮಾವನ ಹೆಗಲಿಗೆ ಒರಗಿ ಅಕ್ಕ. ಮುಖ ಬಾತು ಕಣ್ಣು ಮುಚ್ಚಿಹೋಗಿದ್ದವು. ಜನ ಕೈ ಬೀಸಿದರು, ಸೀರೆಯ ಸೆರಗು ಬೀಸಿದರು. ದಡದಲ್ಲಿ ಜನ ಕಂಡರೆ ವಂದನೆ ಮಾಡಬೇಕೆಂದು ಲಾಂಚಿಗೆ ಕಲಿಸಿದ್ದರು. ಅದು ಇಂಪಾಗಿ ಒಂದು ಸೀಟಿ ಹೊಡೆದು ಮುಂದೆ ಹೋಯಿತು.

ನಾನು ಎಲ್ಲ ಗುಂಡಿಗಳನ್ನೂ ಒತ್ತಿದೆ. ನಿಲ್ದಾಣವಿಲ್ಲದ ಕಡೆ ನಿಲ್ಲಿಸುವ ಗುಂಡಿಯೇ ಇರಲಿಲ್ಲ. ರಕ್ಷಣಾ ದಳದವರಿಗೆ ಫೋನು ಮಾಡಿದೆ. ಪಟ್ಟಿಯಲ್ಲಿ ಆ ಗಡ್ಡೆ ಸುರಕ್ಷಿತ ಎಂದಿದೆಯಲ್ಲ ಎಂದರು. ಬೇಡಿಕೊಂಡೆ, ಬೈದೆ. ದೋಣಿ ಕಳಿಸುತ್ತೇವೆ, ಮೊದಲು ಮೇಲಿನ ಊರುಗಳನ್ನು ಮುಗಿಸಿ ಬರಬೇಕು ಎಂದರು. ಇನಾಂದಾರ ಸರ್ ತಮ್ಮ ಕಾರು ತೆಗೆದರು. ಇಬ್ಬರೂ ದಡಕ್ಕೆ ಹೋಗಿ ನಿಂತೆವು. ನಮ್ಮ ಮುಂದೆ ಕೆಂಪು ನೀರು ಮಾತ್ರ ಇತ್ತು.

ಮಾವ ಯಾರನ್ನೂ ಕಾಯಲಿಲ್ಲ. ಅಕ್ಕನನ್ನು ತೆಪ್ಪದಲ್ಲಿ ಮಲಗಿಸಿ ನೀರಿಗಿಳಿದಿದ್ದ. ಗಳ ನೆಲಕ್ಕೆ ಎಟುಕುತ್ತಿರಲಿಲ್ಲ. ತೋಡಿದ ದಾರಿಯ ಸೆಳೆತ ತೆಪ್ಪವನ್ನು ಬುಗುರಿಯಂತೆ ತಿರುಗಿಸಿ ಕೆಳಕ್ಕೆ ಒಯ್ದಿತು. ಅವನು ನಮ್ಮ ದಡ ಮುಟ್ಟಿದ್ದು ಎರಡು ಊರಿನ ಆಚೆ, ಹೊತ್ತು ಇಳಿಯುವಾಗ. ದಡದುದ್ದಕ್ಕೂ ಕಾರಿನಲ್ಲಿ ಬೆನ್ನುಹತ್ತಿದ ನಾವು ಅಲ್ಲಿಂದ ಅವಳನ್ನು ಕರೆದೊಯ್ದೆವು. ಆಸ್ಪತ್ರೆಯ ಬಾಗಿಲವರೆಗೂ ಅಕ್ಕ ನನ್ನ ಕೈ ಹಿಡಿದೇ ಇದ್ದಳು. ಒಳಗೆ ಯಂತ್ರ ಸಿದ್ಧವಾಗಿತ್ತು. ಹೃದಯ ಅಷ್ಟರಲ್ಲಿ ನಿಂತಿತ್ತು.

ತಿಥಿಯ ದಿನಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ತಾಯಪ್ಪ ಮಾವ ಕೇಂದ್ರಕ್ಕೆ ಬಂದ. ಗಡ್ಡೆಯನ್ನು ಬಿಟ್ಟು ಅವನು ಈಗ ನನ್ನ ಮನೆಯಲ್ಲೇ ಇದ್ದ. ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಬಂದು ನಿಂತ. ಇನಾಂದಾರ ಸರ್ ತಮ್ಮ ಕುರ್ಚಿ ಬಿಟ್ಟುಕೊಟ್ಟು ಹೊರಗೆ ಹೋದರು.

“ಅಕಿ ಇದರಾಗ ಅದಾಳಂತಲ್ಲ” ಎಂದ ಮಾವ. “ನಕ್ಕೋತ ಹೇಳಿದ್ಳು. ತೋರಸ್ತೀ ಏನವಾ?”

 ಯೋಜನೆ ಶುರುವಾದ ಮೇಲೂ ಪ್ರತಿನದಿ ಓಡುತ್ತಲೇ ಇರುತ್ತದೆ, ತಾನು ಹೇಳಿದಂತೆ ಲಾಭ ಬರುತ್ತಿದೆಯೇ ಎಂದು ನೋಡಿಕೊಳ್ಳುತ್ತ. ಗಡ್ಡೆಯನ್ನು ದೊಡ್ಡದು ಮಾಡಿದೆ. ದಡದ ಚುಕ್ಕೆಯ ಮೇಲೆ ಬೆರಳಿಟ್ಟೆ. ಮಾವನಿಗೆ ಓದು ಬಾರದು, ನಾನೇ ಓದಿ ಹೇಳಿದೆ. ಪರದೆಯಲ್ಲಿ ಆಗ ಎಷ್ಟೋ ವರ್ಷ ಮುಂದಿನ ಕಾಲ ಓಡುತ್ತಿತ್ತು. ಹುಲಿಗೆಮ್ಮ, ವಯಸ್ಸು ಎಪ್ಪತ್ತು ದಾಟಿದೆ, ಆರೋಗ್ಯ ಉತ್ತಮ.

“ಎಪ್ಪತ್ತೇನು! ಕೂದಲಾ ಬೆಳ್ಳಗಾಗಿರಬೇಕು.”

“ಅದನ್ನ ತೋರಸಂಗಿಲ್ಲ ಮಾವ.”

“ಬಾಜೂಕ ಕುಂತಾವ ಯಾರು?”

“ನೀನಾ.”

ಅವನು ಮುಖವನ್ನು ಪರದೆಗೆ ಹತ್ತಿರ ತಂದ. ಎರಡು ಚುಕ್ಕೆಗಳು ಅಕ್ಕಪಕ್ಕ ಇದ್ದವು.  ಆಮೇಲೆ ದಡದುದ್ದಕ್ಕೂ ಕಣ್ಣಾಡಿಸಿ ಏನನ್ನೋ ಹುಡುಕತೊಡಗಿದ.

“ನನ್ನ ತೆಪ್ಪ ಎಲ್ಲದ?”

“ಇಲ್ಲ ಮಾವ. ಯಾರೂ ದಾಟಂಗಿಲ್ಲ ಅಂದ ಮ್ಯಾಗ ತೆಪ್ಪ ಯಾಕಂತ ಅದು ಇಟ್ಟಿಲ್ಲ.”

ಮಾವ ಆ ಮಾತನ್ನು ಒಪ್ಪಿಕೊಳ್ಳಲಿಲ್ಲ. ಮತ್ತೆ ಹುಡುಕಿದ. ಹುಟ್ಟು ಹಾಕಿ ಗಂಟುಗಟ್ಟಿದ ಬೆರಳನ್ನು ಗಾಜಿನ ಮೇಲೆ ಮೆಲ್ಲಗೆ ಎಳೆಯುತ್ತ ಈ ದಡದಿಂದ ಆ ದಡಕ್ಕೆ ಹೋದ, ತಿರುಗಿ ಬಂದ. ಬೆರಳು ಅಕ್ಕನ ಚುಕ್ಕೆಯ ಹತ್ತಿರ ನಿಂತಿತು.

“ಒಂದು ದಿನ ಅಲ್ಲೀನೂ ಅಕಿಗೆ ಜಡ್ಡು ಬಂದ್ರ?” ಎಂದ. “ಬಾಜೂಕ ಕುಂತು ನಾ ಏನ್ ಮಾಡ್ಲಿ ಮುದುಕಿ?”

ಬರುವುದಿಲ್ಲ ಮಾವ, ಅಲ್ಲಿ ಅವಳಿಗೆ ಏನೂ ಆಗುವುದಿಲ್ಲ ಎಂದು ಹೇಳಬೇಕಾಗಿತ್ತು. ಅದರ ಬದಲು ನಾನೂ ಅವನ ಜೊತೆ ತೆಪ್ಪ ಹುಡುಕತೊಡಗಿದೆ.